ಸ್ಕ್ರೀನ್‌ಶಾಟ್ ಸಾಕ್ಷ್ಯವಾಗುವುದು ಯಾವಾಗ? ಫೋನು, ಸಿಸಿಟಿವಿ ಮತ್ತು ಬೆಂಗಳೂರಿನ ವಿಚಾರಣಾ ನ್ಯಾಯಾಲಯಗಳು

ಕೈಸಾಲ ಕೊಟ್ಟು ವಾಪಸ್ ಸಿಗದವರು, ಬಾಡಿಗೆ ಮನೆಯ ಅಡ್ವಾನ್ಸ್ ಕಳೆದುಕೊಂಡವರು, ಬೆದರಿಕೆ ಮೆಸೇಜು ಸಹಿಸಿದ ಹೆಣ್ಣುಮಕ್ಕಳು, ಕೆಲಸ ಮುಗಿಸಿಯೂ ಬಿಲ್ಲಿನ ದುಡ್ಡು ಕಾಣದ ಕಂಟ್ರಾಕ್ಟರುಗಳು: ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೋ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿಗೋ, ಮೇಯೋ ಹಾಲಿಗೋ ಬರುವ ಇಂಥ ಅನೇಕರ ಕೈಯಲ್ಲಿ ಇವತ್ತು ಇರುವ ಮುಖ್ಯ ದಾಖಲೆ ವಾಟ್ಸಾಪ್ ಚಾಟಿನ ಕಲರ್ ಪ್ರಿಂಟು. ಅದನ್ನು ದಾವೆಯ ಜೊತೆ ಲಗತ್ತಿಸಿಬಿಟ್ಟರೆ ಆಯಿತು ಎಂದುಕೊಳ್ಳುತ್ತಾರೆ. ಕೇಸು ಸಾಕ್ಷಿ ಹಂತಕ್ಕೆ ಬಂದ ದಿನ ಎದುರು ವಕೀಲರು ಎದ್ದು, "ಸ್ವಾಮಿ, ಸರ್ಟಿಫಿಕೇಟ್ ಇಲ್ಲ, ನಿಶಾನೆ ಮಾಡುವುದಕ್ಕೆ ತಕರಾರಿದೆ" ಅನ್ನುತ್ತಾರೆ. ನಿಶಾನೆ ಎಂದರೆ ದಾಖಲೆಗೆ ಸಾಕ್ಷ್ಯವಾಗಿ ಗುರುತು ಸಂಖ್ಯೆ ಹಾಕುವುದು. ಅಷ್ಟು ಹೊತ್ತಿಗೆ ಆ ಫೋನು ಎಕ್ಸ್‌ಚೇಂಜಿಗೆ ಹೋಗಿ ಹೊಸದು ಬಂದಿರುತ್ತದೆ.

ಎಲೆಕ್ಟ್ರಾನಿಕ್ ಸಾಕ್ಷ್ಯದ ಹಣೆಬರಹ ತೀರ್ಮಾನವಾಗುವುದು ಪಾಟಿ ಸವಾಲಿನ ದಿನ ಅಲ್ಲ. ಅದನ್ನು ಫೋನಿನಿಂದಲೋ ಸಿಸಿಟಿವಿ ದೃಶ್ಯ ಮುದ್ರಿಸಿಡುವ ಡಿವಿಆರ್‌ನಿಂದಲೋ ಹೊರತೆಗೆದ ದಿನ. ಆ ದಿನ ಏನು ಮಾಡಬೇಕಿತ್ತು ಎಂಬುದು ಕಕ್ಷಿದಾರರಿಗೆ ಗೊತ್ತಿರುವುದಿಲ್ಲ. ವಕೀಲರು ಕೂಡ ಹಲವು ಸಲ ಕೇಳಲು ಮರೆಯುತ್ತಾರೆ.

ಕಾನೂನು ಕೇಳುವುದು ಹೆಚ್ಚೇನಲ್ಲ. ಮೆಸೇಜು ಇರುವ ಫೋನನ್ನೇ ಅದರ ಮಾಲೀಕರು ಕೋರ್ಟಿಗೆ ತಂದು, ಸಾಕ್ಷಿ ಕಟಕಟೆ ಹತ್ತಿ, "ಇದು ನನ್ನ ಫೋನು, ಇದರಲ್ಲಿ ಬಂದ ಮೆಸೇಜು ಇದು" ಎಂದು ತೋರಿಸಬಹುದು. ಅದು ಅಸಲು, ಸರ್ಟಿಫಿಕೇಟ್ ಬೇಡ. ಫೋನನ್ನು ಕೋರ್ಟಿನ ವಶಕ್ಕೆ ಒಪ್ಪಿಸಿ ತಿಂಗಳುಗಟ್ಟಲೆ ಕೂರುವುದು ಯಾರಿಗೂ ಆಗುವ ಮಾತಲ್ಲವಾದ್ದರಿಂದ ಹೆಚ್ಚಿನವರು ಪ್ರಿಂಟು, ಪೆನ್‌ಡ್ರೈವು ಅಥವಾ ಸಿಡಿ ಕೊಡುತ್ತಾರೆ. ಅದು ನಕಲು. ನಕಲು ಕೊಟ್ಟರೆ, ಯಾವ ಸಾಧನದಿಂದ ತೆಗೆದದ್ದು, ಆ ಸಾಧನ ಯಾರ ಸುಪರ್ದಿನಲ್ಲಿತ್ತು, ಅದು ಸರಿಯಾಗಿ ಕೆಲಸ ಮಾಡುತ್ತಿತ್ತೇ ಎಂದು ಹೊಣೆ ಹೊತ್ತು ಹೇಳುವ ಸರ್ಟಿಫಿಕೇಟ್ ಬೇಕು.

ಈ ಸರಳ ನಿಯಮ ಗಟ್ಟಿಯಾಗಲು 20 ವರ್ಷ ಹಿಡಿಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂದಾಗ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ, ಈ ಸರ್ಟಿಫಿಕೇಟಿನ ಬಗ್ಗೆ ಹೇಳುವ ಕಲಂ 65ಬಿ ಸೇರಿತು. ಸಂಸತ್ ದಾಳಿ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸರ್ಟಿಫಿಕೇಟ್ ಇಲ್ಲದಿದ್ದರೂ ಬೇರೆ ರೀತಿಯಲ್ಲಿ ರುಜುವಾತು ಮಾಡಬಹುದು ಎಂದಿತು. 2014ರಲ್ಲಿ ಅನ್ವರ್ ವಿರುದ್ಧ ಬಷೀರ್ ತೀರ್ಪು ಅದನ್ನು ತಿರುಗಿಸಿ, ಸರ್ಟಿಫಿಕೇಟ್ ಕಡ್ಡಾಯ ಎಂದಿತು. 2018ರಲ್ಲಿ ಮತ್ತೊಂದು ಪೀಠ ಸಡಿಲ ಮಾಡಿತು. ಕೊನೆಗೆ 14 ಜುಲೈ 2020ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2014ರ ನಿಲುವನ್ನೇ ಎತ್ತಿಹಿಡಿಯಿತು. ಇವತ್ತಿಗೂ ದಾರಿ ತೋರುವುದು ಈ ತೀರ್ಪೇ.

ಈಗ 65ಬಿ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63 ಇದೆ. 1 ಜುಲೈ 2024ರಿಂದ ಜಾರಿ. ಯಾವ ಕೇಸಿಗೆ ಯಾವುದು ಅನ್ವಯ ಎನ್ನುವಲ್ಲಿ ಗೊಂದಲ ಬಹಳ. ಮೆಸೇಜು ಬಂದ ತಾರೀಖನ್ನು ನೋಡಬೇಡಿ. 1 ಜುಲೈ 2024ಕ್ಕೆ ಮುಂಚೆಯೇ ದಾವೆ, ತನಿಖೆ, ವಿಚಾರಣೆ ಅಥವಾ ಅಪೀಲು ಬಾಕಿ ಇತ್ತೇ? ಇದ್ದರೆ ಕಲಂ 170ರ ಪ್ರಕಾರ ಹಳೆಯ ಕಾನೂನು, ಹಳೆಯ 65ಬಿ ಸರ್ಟಿಫಿಕೇಟು. ಆಮೇಲೆ ಹೂಡಿದ ಕೇಸಾದರೆ 2021ರ ಮೆಸೇಜಿಗೂ ಹೊಸ ನಮೂನೆ. 2022ರ ಚೆಕ್ ಬೌನ್ಸ್ ಕೇಸಿಗೆ ಹೊಸ ನಮೂನೆ ತುಂಬಿ ತರುವುದು, 2025ರ ಕೇಸಿಗೆ ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ಒಂದು ಪುಟದ ಒಕ್ಕಣೆಯನ್ನೇ ಪ್ರಿಂಟು ಹಾಕುವುದು, ಎರಡೂ ಎದುರು ಪಕ್ಷದ ಕೈಗೆ ಸುಮ್ಮನೆ ಅಸ್ತ್ರ ಕೊಟ್ಟಂತೆ.

ಹೊಸ ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಇದೆ, ಎರಡು ಭಾಗಗಳಲ್ಲಿ. ಭಾಗ ಎ ತುಂಬಿ ಸಹಿ ಮಾಡಬೇಕಾದವರು ಸಾಧನದ ಉಸ್ತುವಾರಿ ಇರುವವರು. ಕಂಪ್ಯೂಟರೇ, ಡಿವಿಆರೇ, ಮೊಬೈಲೇ, ಸರ್ವರೇ, ಕ್ಲೌಡೇ ಎಂದು ಗುರುತು ಹಾಕಬೇಕು. ತಯಾರಿಕೆ ಮತ್ತು ಮಾಡೆಲ್, ಬಣ್ಣ, ಸೀರಿಯಲ್ ನಂಬರು, ಮೊಬೈಲಾದರೆ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಇವೆಲ್ಲ ಬರೆಯಬೇಕು. ಸಾಧನ ತಮ್ಮ ಒಡೆತನದ್ದೇ, ತಾವು ನಿರ್ವಹಿಸುತ್ತಿದ್ದದ್ದೇ ಎಂಬುದನ್ನೂ ಹೇಳಬೇಕು. ಕೊನೆಯಲ್ಲಿ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚು ಇದ್ದಂತೆ, ವಿವರ ಮುಂದಿದೆ), ಅದನ್ನು ಯಾವ ವಿಧಾನದಲ್ಲಿ ತೆಗೆದದ್ದು, ಹ್ಯಾಶ್ ವರದಿ, ದಿನಾಂಕ, 24 ಗಂಟೆಯ ಲೆಕ್ಕದಲ್ಲಿ ಸಮಯ ಮತ್ತು ಸ್ಥಳ. ಭಾಗ ಬಿ ಅನ್ನು ತಜ್ಞರು ತುಂಬಬೇಕು.

ಯಾರು ಈ ತಜ್ಞ? ವಕೀಲರ ವಲಯದಲ್ಲಿ ಎರಡು ವಾದ ಕೇಳಿಬರುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 79ಎ ಅಡಿ ಅಧಿಸೂಚಿತ ಪರೀಕ್ಷಕರೇ ಆಗಬೇಕು ಎನ್ನುವುದು ಒಂದು. ಕಲಂ 63 "ತಜ್ಞ" ಎಂದಷ್ಟೇ ಹೇಳಿರುವುದರಿಂದ ವಿಷಯದಲ್ಲಿ ವಿಶೇಷ ಪರಿಣತಿ ಇರುವ ಯಾರಾದರೂ ಸಾಕು ಎನ್ನುವುದು ಇನ್ನೊಂದು. ಎರಡನೆಯದೇ ಸರಿ ಎನಿಸುತ್ತದೆ. ಮೊದಲನೆಯದನ್ನು ಒಪ್ಪಿದರೆ ಹತ್ತು ಸಾವಿರ ರೂಪಾಯಿ ಬಾಡಿಗೆ ಜಗಳದ ಬಡ ಕಕ್ಷಿದಾರನಿಗೆ ನ್ಯಾಯಾಲಯದ ಬಾಗಿಲೇ ಮುಚ್ಚುತ್ತದೆ. ಹಾಗೆಂದು ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗನಿಂದ ಸಹಿ ಹಾಕಿಸುವುದೂ ತಪ್ಪು. ವಿದ್ಯಾರ್ಹತೆ ತೋರಿಸಬಲ್ಲ, ಕರೆದರೆ ಕಟಕಟೆಗೆ ಬಂದು "ನಾನೇ ಈ ಫೈಲಿನ ಹ್ಯಾಶ್ ತೆಗೆದೆ" ಎಂದು ಹೇಳಬಲ್ಲ ವ್ಯಕ್ತಿ ಬೇಕು.

ಹ್ಯಾಶ್ ಅಂದರೆ ಹೆದರುವವರು ಜಾಸ್ತಿ. ಪೊಲೀಸರು ಮುದ್ದೆಮಾಲಿನ (ಜಪ್ತಿ ಮಾಡಿದ ವಸ್ತುವಿನ) ಮೇಲೆ ಹಾಕುವ ಅರಗಿನ ಮುದ್ರೆ ಮಾಡುವ ಕೆಲಸವನ್ನೇ ಇದು ಫೈಲಿಗೆ ಮಾಡುತ್ತದೆ. ಫೈಲನ್ನು ಒಂದು ಗಣಿತ ಸೂತ್ರದೊಳಗೆ ಹಾಯಿಸಿದರೆ ನಿಗದಿತ ಉದ್ದದ ಅಕ್ಷರ-ಅಂಕಿ ಸಾಲು ಹೊರಬರುತ್ತದೆ. ಎಂಡಿ5 ಆದರೆ 32 ಅಕ್ಷರ, ಎಸ್‌ಎಚ್‌ಎ-1 ಆದರೆ 40, ಎಸ್‌ಎಚ್‌ಎ-256 ಆದರೆ 64. ಒಂದು ಪಠ್ಯ ಫೈಲಿನಲ್ಲಿ "ದುಡ್ಡು ನಾಳೆ ಕೊಡ್ತೀನಿ" ಎಂದು ಬರೆದು ಹ್ಯಾಶ್ ತೆಗೆಯಿರಿ. ಕೊನೆಯಲ್ಲಿ ಒಂದು ಚುಕ್ಕೆ ಸೇರಿಸಿ ಮತ್ತೆ ತೆಗೆಯಿರಿ. ಎರಡು ಸಾಲುಗಳಿಗೂ ಸಂಬಂಧವೇ ಇರುವುದಿಲ್ಲ. ಎಂಡಿ5 ಮತ್ತು ಎಸ್‌ಎಚ್‌ಎ-1 ನಮೂನೆಯಲ್ಲಿ ಇದ್ದರೂ ಎಸ್‌ಎಚ್‌ಎ-256 ಬಳಸಿ; ಹಳೆಯ ಎರಡರಲ್ಲೂ ಬೇರೆ ಬೇರೆ ಫೈಲುಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದು ಎಂಬುದು ಸಾಬೀತಾಗಿದೆ, ಎದುರು ವಕೀಲರಿಗೆ ಆ ಪ್ರಶ್ನೆ ಕೇಳುವ ಅವಕಾಶ ಯಾಕೆ ಕೊಡಬೇಕು? ವಿಂಡೋಸ್ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆ ಕೊಟ್ಟರೆ ಕ್ಷಣದಲ್ಲಿ ಸಿಗುತ್ತದೆ, ಬೇರೆ ಸಾಫ್ಟ್‌ವೇರು ಬೇಕಿಲ್ಲ.

ಫೈಲಿನ ಹೆಸರು ಬದಲಿಸಿದರೆ, ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಹ್ಯಾಶ್ ಬದಲಾಗುವುದಿಲ್ಲ. ತೆರೆದು ಮತ್ತೆ ಸೇವ್ ಮಾಡಿದರೆ ಬದಲಾಗಬಹುದು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಖಂಡಿತ ಬದಲಾಗುತ್ತದೆ, ಯಾಕೆಂದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ. ತೆಗೆದ ಸಮಯ, ಕ್ಯಾಮೆರಾ ವಿವರಗಳೂ ಕಳಚಿಹೋಗುತ್ತವೆ. ಕಕ್ಷಿದಾರರು ಅಪಘಾತದ ಫೋಟೋವನ್ನು ವಕೀಲರಿಗೆ ಹೀಗೆ ಕಳಿಸಿ, ವಕೀಲರು ಅದನ್ನೇ ಸಿಡಿ ಮಾಡಿದರೆ, ಕೋರ್ಟಿಗೆ ಹೋಗುವುದು ಮೂಲ ಫೈಲೇ ಅಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕೇಬಲ್ ಹಾಕಿ ನೇರ ಕಂಪ್ಯೂಟರಿಗೆ ಇಳಿಸುವುದು ಇನ್ನೂ ಒಳ್ಳೆಯದು.

ವಾಟ್ಸಾಪ್ ಚಾಟಿನ ವಿಷಯಕ್ಕೆ ಬರೋಣ. ಸ್ಕ್ರೀನ್‌ಶಾಟಿನಲ್ಲಿ ಇರುವ ದೊಡ್ಡ ಕೊರತೆ ಎಂದರೆ ಮೇಲ್ಗಡೆ ಕಾಣುವುದು ನೀವು ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರು. "ಮಂಜಣ್ಣ ಬಿಲ್ಡರ್" ಎಂದು ಯಾವ ನಂಬರಿಗಾದರೂ ಹೆಸರಿಡಬಹುದು. ಪಾಟಿ ಸವಾಲಿನ ಮೊದಲ ಪ್ರಶ್ನೆಯೇ ಇದಾಗಿರುತ್ತದೆ. ಆದ್ದರಿಂದ ಸಂಪರ್ಕದ ವಿವರದ ಪುಟ ತೆರೆದು, ಪೂರ್ತಿ 10 ಅಂಕಿಯ ನಂಬರು ಕಾಣುವಂತೆ ತೋರಿಸಿ, ಅಲ್ಲಿಂದ ಚಾಟಿಗೆ ಬಂದು, ಮೊದಲ ಮೆಸೇಜಿನಿಂದ ಕೊನೆಯವರೆಗೆ ನಿಧಾನವಾಗಿ ಸರಿಸುತ್ತಾ ಹೋಗುವುದನ್ನು ಇನ್ನೊಂದು ಫೋನಿನಲ್ಲಿ ಕಟ್ ಮಾಡದೆ ವಿಡಿಯೊ ತೆಗೆಯಿರಿ. ನಂತರ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ. ಬರುವ ಜಿಪ್ ಫೈಲಿಗೆ ಆಗಲೇ ಹ್ಯಾಶ್ ತೆಗೆದು, ಆ ಫೈಲನ್ನು ಮುಟ್ಟದೆ ಇಡಿ. ಓದುವುದಕ್ಕೆ ಬೇರೆ ಕಾಪಿ ಬಳಸಿ. ಬಿಚ್ಚಿ ಮತ್ತೆ ಜಿಪ್ ಮಾಡಿದರೆ ಒಳಗಿನ ಮೆಸೇಜು ಅದೇ ಇದ್ದರೂ ಹ್ಯಾಶ್ ಬೇರೆಯಾಗುತ್ತದೆ. ವಾರ ಬಿಟ್ಟು ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೂ ಅಷ್ಟೇ.

ಎಕ್ಸ್‌ಪೋರ್ಟ್ ಮಾಡಿದ ಪಠ್ಯದಲ್ಲಿ ದಿನಾಂಕ ಬರುವುದು ಆ ಫೋನಿನ ಸೆಟ್ಟಿಂಗಿನ ಕ್ರಮದಲ್ಲಿ. 03/04/2024 ಎಂದರೆ ಏಪ್ರಿಲ್ 3 ಆಗಬಹುದು, ಅಮೆರಿಕದ ಕ್ರಮದಲ್ಲಿದ್ದರೆ ಮಾರ್ಚ್ 4. ಸಾಲ ಮರುಪಾವತಿಯ ದಿನವೇ ವಿವಾದವಾಗಿರುವ ಕೇಸಿನಲ್ಲಿ ಈ ಒಂದು ಗೆರೆ ಎಲ್ಲವನ್ನೂ ಕೆಡಿಸುತ್ತದೆ, ಹಾಗಾಗಿ ಸೆಟ್ಟಿಂಗಿನ ಪುಟದ ಚಿತ್ರವನ್ನೂ ಇಟ್ಟುಕೊಳ್ಳಿ. ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿದಾಗ ಬಹಳ ಉದ್ದದ ಚಾಟಿನಲ್ಲಿ ಹಳೆಯ ಭಾಗ ಬಿಟ್ಟುಹೋಗುತ್ತದೆ; ಮೀಡಿಯಾ ಇಲ್ಲದೆ ಇನ್ನೊಂದು ಪ್ರತಿ ತೆಗೆದು ಹೋಲಿಸಿ. 2025ರಿಂದ ವಾಟ್ಸಾಪಿನಲ್ಲಿ ಬಂದಿರುವ ಹೆಚ್ಚುವರಿ ಗೌಪ್ಯತೆಯ ಸೌಲಭ್ಯವನ್ನು ಎದುರಿನವರು ಆನ್ ಮಾಡಿಟ್ಟಿದ್ದರೆ, ಅದು ಆನ್ ಇರುವಷ್ಟು ಕಾಲ ಎಕ್ಸ್‌ಪೋರ್ಟ್ ಆಗುವುದಿಲ್ಲ. ಆಗ ವಿಡಿಯೊ ಮತ್ತು ಫೋನು, ಎರಡೇ ಗತಿ. ತಮಗೆ ಅನುಕೂಲವಾದ ನಾಲ್ಕು ಮೆಸೇಜು ಮಾತ್ರ ಕೊಟ್ಟು ನಡುವಿನದನ್ನು ಬಿಡುವ ಅಭ್ಯಾಸ ಕೆಟ್ಟದ್ದು. ಬಿಟ್ಟದ್ದು ಎದುರಿನವರ ಫೋನಿನಲ್ಲಿ ಇದ್ದೇ ಇರುತ್ತದೆ, ಅದನ್ನು ಅವರು ಹಾಜರುಪಡಿಸಿದ ದಿನ ನಿಮ್ಮ ಸಾಕ್ಷಿಯ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಸಿಸಿಟಿವಿಯಲ್ಲಿ ಶತ್ರು ಕಾಲ. ಅಂಗಡಿ, ಅಪಾರ್ಟ್‌ಮೆಂಟುಗಳ ಡಿವಿಆರ್‌ಗಳಲ್ಲಿ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಡಿಸ್ಕಿನ ಗಾತ್ರ, ಕ್ಯಾಮೆರಾಗಳ ಸಂಖ್ಯೆ ನೋಡಿಕೊಂಡು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಘಟನೆಯಾದ ಮರುದಿನವೇ ಅಸೋಸಿಯೇಷನ್ನಿಗೋ ಮಾಲೀಕರಿಗೋ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಮಾನಿಟರಿನ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡು ಬರುವುದು ಕೊನೆಯ ದಾರಿ ಮಾತ್ರ. ಡಿವಿಆರ್‌ನ ಸ್ವಂತ ಫಾರ್ಮ್ಯಾಟಿನಲ್ಲೇ ಫೈಲು ಇಳಿಸಿ, ಅದನ್ನು ನೋಡಲು ಬೇಕಾದ ಪ್ಲೇಯರ್ ಅನ್ನೂ ಜೊತೆಗೆ ತೆಗೆದುಕೊಳ್ಳಿ. ಕೋರ್ಟ್ ಹಾಲಿನ ಕಂಪ್ಯೂಟರಿನಲ್ಲಿ ಫೈಲು ತೆರೆಯದೆ ವಾಯಿದೆ ಬೀಳುವುದು ಹೊಸದೇನಲ್ಲ.

ಡಿವಿಆರ್‌ನ ಗಡಿಯಾರವನ್ನು ಯಾರೂ ನೋಡುವುದಿಲ್ಲ. ಅದು 12 ನಿಮಿಷ ಮುಂದಿದ್ದರೆ, ರಾತ್ರಿ 9.40ಕ್ಕೆ ಮನೆಯಲ್ಲಿದ್ದವನು ಪರದೆಯ ಮೇಲೆ ಅದೇ 9.40ಕ್ಕೆ ರಸ್ತೆಯಲ್ಲಿ ಕಾಣುತ್ತಾನೆ. ಮೊಬೈಲ್ ಟವರಿನ ದಾಖಲೆಗೂ ಸಿಸಿಟಿವಿಗೂ ಹೊಂದಿಕೆಯಾಗದೆ ಪ್ರಾಸಿಕ್ಯೂಷನ್ ಕಟ್ಟಿದ ಸರಪಳಿ ಅಲ್ಲೇ ಕಡಿಯುತ್ತದೆ. ಮಹಜರಿನಲ್ಲಿ ಬರೆಯಬೇಕಾದದ್ದು ಇಷ್ಟು: ಡಿವಿಆರ್‌ನ ತಯಾರಿಕೆ, ಮಾಡೆಲ್, ಸೀರಿಯಲ್ ನಂಬರು, ಎಷ್ಟನೇ ಕ್ಯಾಮೆರಾ, ಅದು ಯಾವ ಕಡೆ ಮುಖ ಮಾಡಿದೆ, ಮತ್ತು ಆ ಕ್ಷಣದಲ್ಲಿ ಡಿವಿಆರ್ ತೋರಿಸುತ್ತಿದ್ದ ಸಮಯ ಹಾಗೂ ಭಾರತೀಯ ಕಾಲಮಾನದ ನಡುವಿನ ವ್ಯತ್ಯಾಸ. ಕೊನೆಯದು ಒಂದೇ ಸಾಲು. ಅನೇಕ ಮಹಜರುಗಳಲ್ಲಿ ಆ ಸಾಲೇ ಇರುವುದಿಲ್ಲ. ಭಾಗ ಎ ಸರ್ಟಿಫಿಕೇಟನ್ನು ಅಂಗಡಿಯ ಡಿವಿಆರ್ ಉಸ್ತುವಾರಿ ಇದ್ದವರು ಕೊಡಬೇಕೇ ಹೊರತು, ಕಾಪಿ ಮಾಡಿಕೊಂಡು ಬಂದ ತನಿಖಾಧಿಕಾರಿಯಲ್ಲ. ಅಧಿಕಾರಿಯ ಸಹಿಯೊಂದೇ ಇದ್ದರೆ ಆ ಸಾಧನ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಹೇಳುವವರೇ ಇಲ್ಲವಾಗುತ್ತಾರೆ.

ಪೊಲೀಸರು ಫೋನು ವಶಪಡಿಸಿಕೊಂಡ ಕೇಸುಗಳಲ್ಲಿ ಎರಡು ಕಡೆಯವರೂ ಎಚ್ಚರ ವಹಿಸಬೇಕು. ಸ್ಮಾರ್ಟ್‌ಫೋನ್ ಶೋಧದ ಬಗ್ಗೆ ಕರ್ನಾಟಕ ಹೈಕೋರ್ಟು 2021ರ ಮಾರ್ಚಿನಲ್ಲಿ ಕೊಟ್ಟ ತೀರ್ಪು ಪ್ರತಿ ಠಾಣೆಯ ಗೋಡೆಯ ಮೇಲೆ ಇರಬೇಕಾದದ್ದು. ಫೋನು ನೆಟ್‌ವರ್ಕಿಗೆ ಸಿಗದಂತೆ ಫ್ಯಾರಡೆ ಚೀಲದಲ್ಲಿ ಹಾಕಬೇಕು, ಆನ್ ಆಗಿದ್ದರೆ ಏರ್‌ಪ್ಲೇನ್ ಮೋಡಿಗೆ ತರಬೇಕು, ಸಿಮ್ ತೆಗೆದು ಬೇರೆ ಪ್ಯಾಕ್ ಮಾಡಬೇಕು ಎಂದು ಅದು ಹಂತ ಹಂತವಾಗಿ ಹೇಳಿದೆ. ಕ್ರಿಮಿನಲ್ ಕೇಸುಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಶೋಧ ಮತ್ತು ಜಪ್ತಿಯ ಆಡಿಯೊ-ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕಲಂ 193ರಂತೆ, ಎಲೆಕ್ಟ್ರಾನಿಕ್ ಸಾಧನ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಣಿಯೂ ದೋಷಾರೋಪಣ ಪಟ್ಟಿಯಲ್ಲಿ ಇರಬೇಕು.

ಆ ಸರಣಿಯ ಮೇಲೇ ಪಾಟಿ ಸವಾಲು ನಿಲ್ಲುತ್ತದೆ. ಜಪ್ತಿಯಾದ ದಿನ ಯಾವುದು, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಫೋನು ತಲುಪಿದ ದಿನ ಯಾವುದು? ನಡುವಿನ ದಿನಗಳಲ್ಲಿ ಅದು ಠಾಣೆಯ ಯಾವ ಬೀರುವಿನಲ್ಲಿತ್ತು, ಆಸ್ತಿ ರಿಜಿಸ್ಟರಿನಲ್ಲಿ ನಮೂದಿದೆಯೇ, ಮುದ್ರೆ ಒಡೆಯದೆ ತಲುಪಿತೇ? ಎಲ್ಲಕ್ಕಿಂತ ಮುಖ್ಯವಾದ ಸಾಲು ಪ್ರಯೋಗಾಲಯದ ವರದಿಯ ಒಳಗಿರುತ್ತದೆ. ಜಪ್ತಿಯ ದಿನಾಂಕದ ನಂತರ ಫೈಲೊಂದನ್ನು ತೆರೆದ ಅಥವಾ ಬದಲಿಸಿದ ಸಮಯ ಅಲ್ಲಿ ಕಂಡರೆ, ಯಾರೋ ಫೋನು ಆನ್ ಮಾಡಿ ನೋಡಿದ್ದಾರೆ ಎಂದರ್ಥ. ಕುತೂಹಲಕ್ಕೆ ಗ್ಯಾಲರಿ ತೆರೆದ ಒಬ್ಬ ಸಿಬ್ಬಂದಿಯ ಎರಡು ನಿಮಿಷದಿಂದ, ನಿಜವಾಗಿ ನೊಂದ ಒಬ್ಬ ಹೆಣ್ಣುಮಗಳ ಕೇಸು ಅನುಮಾನದ ಲಾಭಕ್ಕೆ ಜಾರಬಹುದು. ಎಂಥ ನಷ್ಟ ಅದು.

ಸರ್ಟಿಫಿಕೇಟ್ ಮೊದಲ ದಿನವೇ ಇಲ್ಲದಿದ್ದರೆ ಕೇಸು ಮುಗಿಯಿತೇ? ಇಲ್ಲ. 2019ರಲ್ಲಿ ಕರ್ನಾಟಕದ್ದೇ ಒಂದು ಲಂಚ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೋಷಾರೋಪಣ ಪಟ್ಟಿಯ ಜೊತೆ ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ ಆರೋಪಿಯನ್ನು ಬಿಡುಗಡೆ ಮಾಡಲಾಗದು, ಅದು ಬೇಕಾಗುವುದು ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಎಂದಿತು. ವಿಚಾರಣೆ ಮುಗಿಯುವ ಮುನ್ನ ಸರ್ಟಿಫಿಕೇಟ್ ಹಾಜರುಪಡಿಸಲು ನ್ಯಾಯಾಲಯ ಅನುಮತಿ ಕೊಡಬಹುದು, ಆರೋಪಿಗೆ ಅನ್ಯಾಯವಾಗಬಾರದು ಅಷ್ಟೇ ಎಂದು 2020ರ ತೀರ್ಪು ಹೇಳುತ್ತದೆ. ಆದರೆ ಹೊಸ ಕಲಂ 63, ದಾಖಲೆಯನ್ನು ಸಲ್ಲಿಸುವ ಪ್ರತಿ ಸಲವೂ ಸರ್ಟಿಫಿಕೇಟ್ ಜೊತೆಗಿರಬೇಕು ಎನ್ನುತ್ತದೆ. ಮಧ್ಯಂತರ ಅರ್ಜಿಗೆ ಕೊಟ್ಟಿದ್ದೇವೆ ಎಂದು ಸಾಕ್ಷಿ ಹಂತದಲ್ಲಿ ಸುಮ್ಮನಿರಬೇಡಿ.

ತಕರಾರು ಎತ್ತಬೇಕಾದವರಿಗೂ ಸಮಯದ ಕಟ್ಟುಪಾಡಿದೆ. ನಿಶಾನೆ ಮಾಡುವಾಗ ಬಾಯಿ ಮುಚ್ಚಿಕೊಂಡಿದ್ದು ಅಪೀಲಿನಲ್ಲಿ ಸರ್ಟಿಫಿಕೇಟ್ ಇರಲಿಲ್ಲ ಎಂದರೆ ನಡೆಯುವುದಿಲ್ಲ. 2017ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಆ ಕ್ಷಣದಲ್ಲೇ ಎದ್ದು, "ತಕರಾರಿಗೆ ಒಳಪಟ್ಟು" ಎಂಬ ಮಾತು ಸಾಕ್ಷಿಯ ಹೇಳಿಕೆಯಲ್ಲಿ ಬರುವಂತೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಸರ್ಟಿಫಿಕೇಟ್ ಮೆಸೇಜನ್ನು ಕೋರ್ಟಿನ ಒಳಗೆ ತರುತ್ತದೆ, ಅಷ್ಟೇ. ಮೆಸೇಜಿನಲ್ಲಿರುವುದು ನಿಜ, ಬರೆದವರು ಅವರೇ ಎಂಬುದನ್ನು ಬೇರೆಯಾಗಿ ಸಾಬೀತು ಮಾಡಬೇಕು. "ಆ ದಿನ ಫೋನು ನನ್ನ ಹತ್ತಿರ ಇರಲಿಲ್ಲ" ಎಂಬ ಉತ್ತರ ಬಂದೇ ಬರುತ್ತದೆ. ಸಿಮ್ ಯಾರ ಹೆಸರಿನಲ್ಲಿದೆ ಎಂಬುದನ್ನು ಟೆಲಿಕಾಂ ಕಂಪನಿಯ ಅರ್ಜಿ ನಮೂನೆಯಿಂದ ತೋರಿಸಬಹುದು. ಅದಕ್ಕಿಂತ ಗಟ್ಟಿಯಾದದ್ದು ಮೆಸೇಜಿಗೂ ಹೊರಗಿನ ನಡೆಗೂ ಇರುವ ತಾಳೆ. "ನಾಳೆ 50,000 ಹಾಕ್ತೀನಿ, ಉಳಿದದ್ದು ಯುಗಾದಿ ಆದ್ಮೇಲೆ" ಎಂಬ ಮೆಸೇಜು. ಮರುದಿನ ಅದೇ ವ್ಯಕ್ತಿಯ ಖಾತೆಯಿಂದ ನಿಮ್ಮ ಖಾತೆಗೆ 50,000 ಜಮೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬರೆದವರು ಯಾರು ಎಂಬ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ, 1891ರ ಕಲಂ 2ಎ ಪ್ರಕಾರದ ಸರ್ಟಿಫಿಕೇಟ್ ಬೇಕು ಎಂಬುದನ್ನು ಮರೆಯಬೇಡಿ. ಆ್ಯಪಿನಿಂದ ಇಳಿಸಿದ ಪಿಡಿಎಫ್ ಸಾಲದು, ಶಾಖೆಯಲ್ಲಿ ಅರ್ಜಿ ಕೊಡಿ.

ಧ್ವನಿಮುದ್ರಣಕ್ಕೆ ಇನ್ನಷ್ಟು ಜಾಗ್ರತೆ ಬೇಕು. ಮಾತನಾಡಿದವರ ಧ್ವನಿಯನ್ನು ಗುರುತಿಸಬೇಕು, ತಿದ್ದಿಲ್ಲ ಎಂದು ತೋರಿಸಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದ ಪರೀಕ್ಷೆಗಳು ಕೃತಕ ಬುದ್ಧಿಮತ್ತೆಯಿಂದ ಯಾರ ಧ್ವನಿಯನ್ನಾದರೂ ತಯಾರಿಸಬಹುದಾದ ಈ ದಿನಗಳಲ್ಲಿ ಹೆಚ್ಚು ಮುಖ್ಯವಾಗಿವೆ. ಫಾರ್ವರ್ಡ್ ಆಗಿ ಬಂದ ಆಡಿಯೊ ತುಣುಕಿನ ಮೇಲೆ ಕೇಸು ಕಟ್ಟಬೇಡಿ. ಮುದ್ರಿಸಿದ ಫೋನು, ಅದರೊಳಗಿನ ಮೂಲ ಫೈಲು ಬೇಕು. ಆರೋಪಿಯ ಧ್ವನಿ ಮಾದರಿ ತೆಗೆದುಕೊಳ್ಳಲು ಮ್ಯಾಜಿಸ್ಟ್ರೇಟರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 349ರ ಅಡಿ ಆದೇಶಿಸಬಹುದು. ಗಂಡ ಹೆಂಡತಿಯ ವ್ಯಾಜ್ಯದಲ್ಲಿ ಗುಟ್ಟಾಗಿ ಮುದ್ರಿಸಿದ ಸಂಭಾಷಣೆಯನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು 14 ಜುಲೈ 2025ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕಲಂ 14 ಸಾಕ್ಷ್ಯದ ನಿಯಮಗಳನ್ನು ಹೇಗೂ ಸಡಿಲಿಸಿದೆ. ಆದರೆ ಸಂಗಾತಿಯ ಫೋನಿನ ಪಾಸ್‌ವರ್ಡ್ ಕದ್ದು ಎಲ್ಲವನ್ನೂ ಹೊರತೆಗೆಯಲು ಇದು ಪರವಾನಗಿ ಎಂದು ಯಾರೂ ಓದಬಾರದು.

ದಾಖಲೆ ಎದುರಿನವರ ಬಳಿಯೋ ಕಂಪನಿಯ ಬಳಿಯೋ ಇದ್ದು, ಸರ್ಟಿಫಿಕೇಟ್ ಕೇಳಿದರೂ ಕೊಡದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಕೇಳಿದ್ದಕ್ಕೆ ಲಿಖಿತ ಪುರಾವೆ ಇಟ್ಟುಕೊಂಡು ನ್ಯಾಯಾಲಯಕ್ಕೆ ಅರ್ಜಿ ಹಾಕಿ; ನ್ಯಾಯಾಲಯವೇ ಸಮನ್ಸ್ ಮಾಡಿ ತರಿಸುತ್ತದೆ. ಕರೆ ವಿವರಗಳನ್ನು ಟೆಲಿಕಾಂ ಕಂಪನಿಗಳು ಕನಿಷ್ಠ 2 ವರ್ಷ ಇಡಬೇಕೆಂಬ ಷರತ್ತಿದೆ, ಅದರ ಆಚೆಗೆ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಆರೋಪಿಯ ಪರ ಹಾಜರಾಗುವವರು ಮೊದಲು ಮಾಡಬೇಕಾದ ಕೆಲಸ, ಮೆಮೊರಿ ಕಾರ್ಡು ಅಥವಾ ಪೆನ್‌ಡ್ರೈವಿನ ಕ್ಲೋನ್ ಪ್ರತಿ (ಇದ್ದದ್ದು ಇದ್ದ ಹಾಗೆ ತೆಗೆದ ನಕಲು) ಕೇಳುವುದು. ಅದರಲ್ಲಿರುವುದೂ ದಾಖಲೆಯೇ, ಪ್ರತಿ ಪಡೆಯುವುದು ಆರೋಪಿಯ ಹಕ್ಕು ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಂತ್ರಸ್ತರ ಖಾಸಗಿತನಕ್ಕೆ ಧಕ್ಕೆಯಾಗುವ ಪ್ರಕರಣಗಳಲ್ಲಿ ಪ್ರತಿ ಸಿಗದು, ವಕೀಲರು ಮತ್ತು ತಜ್ಞರ ಜೊತೆ ನೋಡಲು ಮಾತ್ರ ಅವಕಾಶ. ಪ್ರತಿ ಕೈಗೆ ಬಂದ ದಿನವೇ ಅದರ ಹ್ಯಾಶ್ ತೆಗೆದು ಪ್ರಯೋಗಾಲಯದ ವರದಿಯಲ್ಲಿರುವ 64 ಅಕ್ಷರಗಳ ಜೊತೆ ಒಂದೊಂದಾಗಿ ತಾಳೆ ನೋಡಿ, ಹೊಂದದಿದ್ದರೆ ಅವತ್ತೇ ಮೆಮೊ ಹಾಕಿ ಕಡತಕ್ಕೆ ಸೇರಿಸಿ.